ನಲವತ್ತು ಓಮ್

ಗ್ಯುಮ್ರಿ, ಜನವರಿ. ಹೀಟರನ್ನು
ಕೂಸಿನ ಹಾಗೆ ಕೋಟಿನಲ್ಲಿ ಸುತ್ತಿ ತಂದ ಗಾರ್ನಿಕ್:
"ಸಾವಿರದಿನ್ನೂರು ವ್ಯಾಟ್ ಅಂತ ಮಾರಿದೆಯಲ್ಲ,
ಸರಿಯಾಗಿ ಕೆಂಪಗೂ ಆಗೋದಿಲ್ಲ. ದುಡ್ಡು ವಾಪಸ್ ಕೊಡು."

ಅರುಸ್ಯಾಕ್ ಮಾತಾಡಲಿಲ್ಲ. ಮೀಟರಿನ ಮುಳ್ಳು
ನೂರೆಂಬತ್ತು ವೋಲ್ಟಿಗೇ ಸುಸ್ತು.
ಕರೆಂಟು ನಾಲ್ಕೂವರೆ ಆಂಪಿಯರ್.
ಸಿಗರೇಟು ಪ್ಯಾಕಿನ ಬೆನ್ನಿಗೆ ಭಾಗಿಸಿ ಬರೆದಳು: ನಲವತ್ತು ಓಮ್.
ಮಾರಿದ ದಿನವೂ ಅಷ್ಟೇ ಇತ್ತು.
ಗುಣಿಸಿದಳು:
ಎಂಟುನೂರ ಹತ್ತು.

"ಸುರುಳಿ ಸುಳ್ಳು ಹೇಳಿಲ್ಲ ಕಣೋ,"
ಎಂದು ಕಿಟಕಿಯ ಹಬೆ ಒರೆಸಿದಳು.
ಬೀದಿಯುದ್ದಕ್ಕೂ ಒಂದೇ ತಂತಿಗೆ ಜೋತ ಮನೆಗಳು,
ಮನೆಮನೆಯಲ್ಲೂ ಸೊರಗಿದ ಬಲ್ಬು,
ಕಾಣದ ಒಂದೇ ಒಲೆಗೆ
ಚಾಚಿದ ಅಂಗೈಗಳು.

"ರಾತ್ರಿ ಎರಡಕ್ಕೆ ಹಚ್ಚು. ಬೀದಿ ಮಲಗಿರುತ್ತೆ,
ಚೆನ್ನಾಗಿ ಕೆಂಪಾಗುತ್ತೆ."

ಹೀಟರಿಗೆ ಮತ್ತೆ ಕೋಟು ಸುತ್ತುತ್ತ ಗಾರ್ನಿಕ್ ಅಂದ:
"ಆಗ ನಾನೂ ಮಲಗಿರ್ತೀನಲ್ಲ."