ಹಾರಬಾರದು, ಹತ್ತು ದಿನ

ರಾತ್ರಿ ಎಂಟರ ಮೇಲೆ ಏನೂ ಹಾಕಬೇಡಿ ಎಂದಿದ್ದರು.
ಹಾಕಲಿಲ್ಲ.
ಆದರೆ ನನ್ನ ಕೈಯನ್ನು ಎಲ್ಲಿ ಮುಚ್ಚಿಡಲಿ?
ಗ್ರಿಮ್ಸ್‌ಬಿಯ ಹೊಗೆಮನೆಯಲ್ಲಿ ಆರು ವರ್ಷ
ಹ್ಯಾಡಕ್ ಸೀಳಿ ಕೋಲಿಗೆ ಪೋಣಿಸಿದ ಕೈ,
ಲಿಂಬೆಸಿಪ್ಪೆ ತಿಕ್ಕಿದರೂ ಬೆರಳಲ್ಲೇ ಊಟ.
ಇಡೀ ರಾತ್ರಿ ನೆಕ್ಕಿದಳು,
ಏನೂ ಸಿಗದೆ ನನ್ನ ಮುಖ ನೋಡಿದಳು.

ಮೈತುಂಬ ಅಲೆಅಲೆ ಪಟ್ಟೆ, ಅದಕ್ಕೇ ಬಂಗುಡೆ.
ಹೋದ ಚಳಿಗಾಲ ಬಸ್‌ಸ್ಟಾಪಿನಿಂದ
ವಾಸನೆ ಹಿಡಿದು ನನ್ನ ಹಿಂದೆ ಬಂದವಳು.
ಆಸ್ಪತ್ರೆಯ ಹುಡುಗಿ ಅಕ್ಷರ ಅಕ್ಷರ ಕೇಳಿ
ಬುಟ್ಟಿಗೆ ಚೀಟಿ ಅಂಟಿಸಿದಳು: ಬಂಗುಡೆ ಮೊಗೇರ.
ನಗು ಬಂತು. ನಮ್ಮಲ್ಲಿ ಬಂಗುಡೆ ಹಿಡಿದವರಿದ್ದರು, ಮಾರಿದವರಿದ್ದರು,
ಮನೆತನದ ಹೆಸರು ಕೊಟ್ಟವಳು ನಾನೊಬ್ಬಳೇ.

ಹನ್ನೊಂದೂಕಾಲಿಗೆ ಫೋನು.
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಕಿತ್ತೆ.
“ಮಿಸೆಸ್ ಮೊಗೇರ, ಹೊಟ್ಟೆಯಲ್ಲಿ ಮರಿಗಳಿವೆ.
ಮೂರಿರಬಹುದು, ನಾಲ್ಕಿರಬಹುದು. ಇನ್ನೂ ಚಿಕ್ಕವು.
ಮುಂದುವರಿಸಲೆ? ಇಲ್ಲಾ, ಎಬ್ಬಿಸಿ ಕಳಿಸಲೆ?”
ಹಿಂದೆ ಕೊಳಾಯಿ ಬಿಟ್ಟೇ ಇತ್ತು.
ಬಾಡಿಗೆಯ ಮನೆ. ಒಂದು ಬೆಕ್ಕಿಗೇ
ಮೂರು ಸಲ ಮುಖ ಸಿಂಡರಿಸಿದ್ದ ಯಜಮಾನ.
“ಮಾಡಿ” ಎಂದೆ,
ತೂಕ ಹೇಳುವ ದನಿಯಲ್ಲೇ.

ಅಂದು ಚಿಕ್ಕ ದೋಣಿಯ ಮೀನು, ಹೊಟ್ಟೆ ತೆಗೆಯದ್ದು.
ಮುಂದಿನದನ್ನು ಸೀಳಿದರೆ ಎರಡು ಎಸಳು ತತ್ತಿ, ಗುಲಾಬಿ, ತುಂಬಿದ್ದು.
ಸಿಕ್ಕಾಗಲೆಲ್ಲ ಪೊಟ್ಟಣ ಕಟ್ಟಿ ಒಯ್ಯುತ್ತೇನೆ, ಮೆಣಸಿನಪುಡಿ ಹಚ್ಚಿ ಹುರಿಯಲು.
ಅಂದು ಪಕ್ಕದ ರಾಸಾಳ ಕಡೆ ತಟ್ಟೆ ತಳ್ಳಿದೆ.
ಲಿಥುವೇನಿಯಾದವಳು, ಏಕೆಂದು ಕೇಳಲಿಲ್ಲ.

ಸಂಜೆ ಕೊಟ್ಟರು: ತೂಕಡಿಸುವ ಬುಟ್ಟಿ,
ಸೂಜಿಯಿಲ್ಲದ ಸಿರಿಂಜಿನಲ್ಲಿ ನೋವಿನ ಔಷಧ,
ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ಕು,
ಒಂದು ಹಾಳೆ.
ಹಾರಬಾರದು, ಹತ್ತು ದಿನ. ಹೊಲಿಗೆ ನೆಕ್ಕಗೊಡಬೇಡಿ.
ದಿನಕ್ಕೆರಡು ಸಲ ನೋಡಿ: ಕೆಂಪೆ, ಬಾವೆ, ಒಸರುತ್ತಿದೆಯೆ?
ಅನುಮಾನವಿದ್ದರೆ ನಡುರಾತ್ರಿಯಾದರೂ ಫೋನು ಮಾಡಿ.

ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ ಅಲ್ಲೇ ನಿಂತೆ.
ನಮ್ಮ ಕಡೆ ಆಪರೇಶನ್ ಎಂದರೆ ಒಂದೇ.
ಯಾವುದೆಂದು ಯಾರೂ ಕೇಳುವುದಿಲ್ಲ.
ತಮ್ಮ ಹುಟ್ಟಿದ ವರ್ಷ ಅವ್ವಿಗೆ ಆಯಿತು,
ಶಾಲೆಯ ಕೋಣೆಯಲ್ಲಿ, ಸಾಲು ಚಾಪೆ, ಇಪ್ಪತ್ತೆಂಟು ಹೆಂಗಸರು.
ಟೆಂಪೋದಲ್ಲಿ ಬಂದಳು, ಮಡಿಲಲ್ಲಿ ಕೊಟ್ಟ ಸ್ಟೀಲಿನ ಕೊಡ.
ಆರನೆಯ ದಿನ ಬುಟ್ಟಿ ತಲೆಯ ಮೇಲಿತ್ತು,
ಮೀನಿನ ನೀರು ಕಿವಿಯ ಹಿಂದೆ ಇಳಿಯುತ್ತಿತ್ತು,
ಒಂದು ಕೈ ಸೆರಗಿನೊಳಗೆ ಹೊಟ್ಟೆ ಹಿಡಿದಿತ್ತು.
ತಕ್ಕಡಿ ಹೊತ್ತು ನಾನು ಹಿಂದೆ.

ಎರಡನೆಯ ರಾತ್ರಿ ಲಾಳಿಕೆಯನ್ನು ಗೋಡೆಗೆ ಬಡಿದು ಬಡಿದು
ಮೂಲೆಯಲ್ಲಿ ನಿಂತೇಬಿಟ್ಟಳು,
ಹಿಂದೆ ಸರಿಯುವುದು ಮರೆತವಳಂತೆ.
ಬಿಚ್ಚಿದೆ. ಎದುರುಮನೆಯ ಡೋರೀನ್ ಮೊಮ್ಮಗನ ಹಳೆಯ ಬನಿಯನ್ ತಂದಳು,
ಬಾಲಕ್ಕೆ ತೂತು ಕತ್ತರಿಸಿ ತೊಡಿಸಿದೆವು.
ಹಾಸಿಗೆಯನ್ನು ನೆಲಕ್ಕೆಳೆದೆ:
ಅವಳು ಹಾರಬಾರದೆಂದರೆ ನಾನು ಇಳಿಯಬೇಕು.
ಬೋಳಿಸಿದ ಪಕ್ಕೆ, ಹಕ್ಕಿಮರಿಯ ಚರ್ಮ,
ನೀಲಿ ದಾರದ ಮೂರು ಹೊಲಿಗೆ.
ಬಲೆ ಹೊಲಿಯುವವರ ಗಂಟು. ಬಿಗಿ, ಚಿಕ್ಕದು.
ಅವ್ವಿ ಮೆಚ್ಚುತ್ತಿದ್ದಳು.

ಎಂಟನೆಯ ದಿನ ನನ್ನ ಬೂದು ಕಾಲುಚೀಲ ಕಚ್ಚಿಕೊಂಡು ಹೊರಟಳು,
ಕತ್ತು ಎತ್ತಿ, ನೆಲಕ್ಕೆ ತಾಗಿಸದೆ,
ಗಂಟಲೊಳಗೇ ಏನೋ ಹೇಳುತ್ತ.
ವಾಷಿಂಗ್ ಮಶಿನ್ನಿನ ಹಿಂದೆ. ಅಲ್ಲಿಂದ ಸಿಂಕಿನ ಕೆಳಗೆ.
ಅಲ್ಲಿಂದ ಅಕ್ಕಿಚೀಲದ ಮಗ್ಗುಲಿಗೆ.
ಮರಿ ಹಾಕಿದ ಬೆಕ್ಕು ಏಳು ಮನೆ ತಿರುಗುತ್ತದಂತೆ.
ಇರುವುದು ಒಂದೂವರೆ ಕೋಣೆ.
ಏಳನ್ನು ಎಲ್ಲಿಂದ ತರಲಿ?

ಬೆಳಗಿನ ನಾಲ್ಕೂವರೆ. ಬಸ್ಸಿಗೆ ಹದಿನೈದು ನಿಮಿಷ.
ಬಿಳಿ ರಬ್ಬರ್ ಬೂಟಿನೊಳಗೆ ಕೈ ಹಾಕಿದರೆ
ಕಾಲುಚೀಲ, ಒದ್ದೆ, ಬೆಚ್ಚಗೆ.
ಬಾಗಿಲ ಬಳಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

ಚಪ್ಪಲಿಯಲ್ಲೇ ಹೋದೆ.
ರಾಸಾಳ ಹಳೆಯ ಬೂಟು ಒಂದಳತೆ ದೊಡ್ಡದು,
ಮುಂದೆ ಕಾಗದ ತುರುಕಿ
ಸಂಜೆಯವರೆಗೆ ನಿಂತೆ.