ಮಧ್ಯಾಹ್ನದ ಊರು

ಯೆರೆವಾನಿನಿಂದ ಬಂದ ಹುಡುಗ
ಕೋಲಿನ ತುದಿಯ ಗಾಲಿ ಉರುಳಿಸುತ್ತ
ನನ್ನ ಅಂಗಳದಲ್ಲೇ ನಿಂತ.
ಹದಿಮೂರು ಕಿಲೋಮೀಟರ್, ಎಂದು ಬರೆದುಕೊಂಡ.
ಅಲ್ಲಿಗೆ ನಮ್ಮೂರಿನ ಹಣೆಬರಹ ಬರೆದಾಗಿತ್ತು,
ಓದಿಕೊಳ್ಳಲು ನಮಗೆ ಎರಡು ಬೇಸಿಗೆ ಹಿಡಿಯಿತು.

ಬೆನ್ನಿಗೆ ಹನ್ನೆರಡು ಕೆಜಿ ಕಟ್ಟಿಕೊಂಡ ಮನುಷ್ಯ
ದಿನಕ್ಕೆ ಇಪ್ಪತ್ತೆರಡು ನಡೆದಾನು.
ಹದಿಮೂರಕ್ಕೆ ಅವನಿಗೆ ಬರೀ ಬಾಯಾರಿಕೆ.
ಇಪ್ಪತ್ತೆರಡಕ್ಕೆ ಸೂಪು, ಹಾಸಿಗೆ, ಬಿಸಿನೀರು,
ಬೆಳಗಾದರೆ ಎರಡು ಮೊಟ್ಟೆ.
ನಾವು ಹದಿಮೂರರ ಊರು.
ನನ್ನ ತಂಗಿ ಅರ್ಪಿಕ್‌ಳನ್ನು
ಇಪ್ಪತ್ತೆರಡಕ್ಕೆ ಕೊಟ್ಟಿದೆ.

ಜುಲೈ ಒಂಬತ್ತು. ಕಾಫಿ ನಾಲ್ಕು, ಮಜ್ಜಿಗೆ ಒಂದು. ಎರಡು ಸಾವಿರದ ನಾನೂರು ಡ್ರಾಮ್.
ಜುಲೈ ಹತ್ತು. ನೀರು ತುಂಬಿಸಿಕೊಂಡರು. ಸೊನ್ನೆ.
ಜುಲೈ ಹನ್ನೊಂದು. ನೀರು, ಕತ್ತೆಯ ಜೊತೆ ಫೋಟೊ. ಸೊನ್ನೆ.
ಅದೇ ಹನ್ನೊಂದರ ರಾತ್ರಿ ಅರ್ಪಿಕ್ ಫೋನಿನಲ್ಲಿ:
ಏಳು ಜನ ಅಕ್ಕಾ! ನಮ್ಮವರು ಕೊಟ್ಟಿಗೆಯಲ್ಲಿ ಮಲಗಿದ್ದಾರೆ.

ಕಾರಿನವರಿಗಿಂತ ಇವರೇ ವಾಸಿ, ಅಂತಾನೆ ಗುರ್ಗೆನ್,
ಬಂಡೆಗೆ ಕೆಂಪು ಬಿಳಿ ಪಟ್ಟಿ ಬಳಿಯುವವನು.
ಕಾರಿಗೆ ಪೆಟ್ರೋಲು ಬೇಕು, ಅದು ನಮ್ಮಲ್ಲಿ ಬೆಳೆಯೋದಿಲ್ಲ.
ನಡೆಯುವವರಿಗೆ ಹಸಿವು ಬೇಕು,
ಅದನ್ನು ಬೆಟ್ಟವೇ ಬೆಳೆದು ಕೊಡುತ್ತೆ.
ಹೌದಪ್ಪ, ಅಂದೆ.
ನಮ್ಮ ಬೆಟ್ಟದಲ್ಲಿ ಬೆಳೆದಿದ್ದು
ಕೊಯ್ಲಾಗೋದು ತಂಗಿ ಮನೆಯಲ್ಲಿ.

ಚಳಿಗಾಲದ ಸಭೆ. ಶಾಲೆಯ ಒಲೆ ಕೋಣೆ ತುಂಬ ಹೊಗೆಯುಗುಳುತ್ತಿತ್ತು.
ದಾರಿಯನ್ನು ಕಣಿವೆಗೆ ಇಳಿಸಿ ಬಳಸಿ ತರೋಣ,
ಹಳೇ ಸೇತುವೆ ತೋರಿಸಿದ ಹಾಗೂ ಆಯಿತು,
ಒಂಬತ್ತು ಕಿಲೋಮೀಟರ್ ಕೂಡಿಕೊಳ್ಳುತ್ತೆ,
ಸಂಜೆ ನಮ್ಮಲ್ಲಿ ಆಗುತ್ತೆ.
ಹೇಳಿದವಳು ನಾನೇ.
ಖರ್ಚೆಷ್ಟು, ಅಂದರು.
ನಲವತ್ತೇಳು ಮೆಟ್ಟಿಲು, ಹಾರೆ, ಗುದ್ದಲಿ, ಆಳಿನ ಕೂಲಿ,
ಗುರ್ಗೆನನ ಬಣ್ಣ, ಓದುತ್ತ ಬಂದೆ.
ಕೊನೆಯ ಸಾಲು ಓದದೆ
ಹಾಳೆ ಮಡಚಿದೆ.

ಈ ಬೇಸಿಗೆ ಹೊತ್ತು ನಮ್ಮೂರಲ್ಲೇ ಮುಳುಗುತ್ತದೆ.
ಬೊಬ್ಬೆ ಎದ್ದ ಪಾದಗಳು ನನ್ನ ಉಪ್ಪುನೀರಿನ ಬಾನಿಯಲ್ಲಿ.
ತೋನಿರಿನ ಒಲೆ ದಿನಕ್ಕೆ ಎರಡು ಸಲ ಉರಿದು
ಲವಾಶ್ ರೊಟ್ಟಿ ಸಾಲುತ್ತಿಲ್ಲ.
ಅರ್ಪಿಕ್‌ಳದು ಈಗ ಬೆಳಗ್ಗೆ ಹತ್ತರ ಊರು,
ಆ ಹೊತ್ತಿಗೆ ಯಾರಿಗೆ ಹಸಿವು?
ನನ್ನ ಮೊಟ್ಟೆ ಇನ್ನೂ ಅವರ ಹೊಟ್ಟೆಯಲ್ಲೇ.

ನಿನ್ನೆ ಆಲಿಕಲ್ಲು ಸುರಿದು ಜನ ಒಟ್ಟಾದರು.
ಫೋನು ಮಾಡಿದೆ: ಮೂರು ಕಂಬಳಿ ಇದೆಯಾ?
ಇದೆ, ಅಂದಳು. ಏಳೂ ಇದೆ.

ಕತ್ತಲಿಗೆ ಅವಳ ಗಂಡ ಬಂದ,
ಜಗಲಿಯ ಮೇಲೆ ಇಳಿಸಿ, ಕಾಫಿ ಕುಡಿಯದೆ ಹೋದ.
ಒಗೆದು ಮಡಚಿದ ಕಂಬಳಿಗಳು. ಒಂದೊಂದರ ಮೂಲೆಗೂ
ಅವಳು ಹಾಕಿದ ಕೆಂಪು ನೂಲಿನ ನಂಬರು,
ಹಾಸಿಗೆ ಒಂದು, ಹಾಸಿಗೆ ಎರಡು.

ಪುಸ್ತಕದಲ್ಲಿ ಬಾಡಿಗೆ ಅಂತ ಬರೆಯಲೋ, ಸಾಲ ಅಂತಲೋ,
ಪೆನ್ನು ಹಿಡಿದು ಕೂತಿದ್ದೇನೆ.
ಮೇಲಿನ ತಿರುವಿನಲ್ಲಿ ಆಗಲೇ ಯಾರದೋ
ಊರುಗೋಲು ಕಲ್ಲಿಗೆ ತಾಗುವ ಸದ್ದು.