ಸೀರಣಿಗೆ

ಬಾಲ್ಟಿಮೋರಿನ ಪೂರ್ವದ ಗಲ್ಲಿ. ಬೆಳಗಿನ ಐದೂವರೆ.
ಒಡೆಲ್ ಪೆಟಿಫರ್ಡ್ ಬೋನು ಎಣಿಸುತ್ತಾನೆ
ಕಸದ ಡಬ್ಬಿಗಳ ಹಿಂದೆ, ಮೊಣಕಾಲು ಹಿಡಿದು ಬಗ್ಗಿ:
ಹದಿನಾಲ್ಕರಲ್ಲಿ ಆರಕ್ಕೆ ಬಾಗಿಲು ಬಿದ್ದಿದೆ.
ಬೆಟ್ಟ ಅಗೆಯಬೇಕಿಲ್ಲ ಈ ಊರಲ್ಲಿ,
ಒಂದು ಚಮಚ ಕಡಲೆಕಾಯಿ ಬೆಣ್ಣೆ ಸಾಕು.

ನನ್ನದು ಆಮೇಲಿನ ಕೆಲಸ, ವ್ಯಾನಿನೊಳಗೆ.
ಮಂಪರು ಹತ್ತಿದ ಹೆಗ್ಗಣವನ್ನು
ಬಿಳೀ ತಟ್ಟೆಯ ಮೇಲೆ ಮಲಗಿಸಿ
ಬಾಲದಿಂದ ಕತ್ತಿನತ್ತ, ಕೂದಲಿಗೆ ಎದುರಾಗಿ,
ಸೀರಣಿಗೆಯಲ್ಲಿ ಬಾಚುವುದು.
ಶನಿವಾರದ ಮಧ್ಯಾಹ್ನ ಶಾಲೆಯ ಹುಡುಗಿಯನ್ನು
ಮೊಣಕಾಲ ನಡುವೆ ಒತ್ತಿ ಕೂರಿಸಿ ಬಾಚಿದ ಹಾಗೆ.
ಈ ಹುಡುಗಿ ಅಳುವುದಿಲ್ಲ, ಅಷ್ಟೆ.

ಉದುರುತ್ತವೆ. ಸಾಸಿವೆ ಸಿಡಿದಂತೆ
ಎರಡು, ಐದು, ಹನ್ನೊಂದು.
ಎರಡೂ ಬದಿ ಒತ್ತಿ ತೆಳ್ಳಗಾದ ಮೈ,
ರೆಕ್ಕೆ ಇಲ್ಲ, ಬೇಕೂ ಇಲ್ಲ.
ಬೇಗ ಮುಗಿಸಬೇಕು. ಇಲಿ ಸತ್ತು ತಣ್ಣಗಾದರೆ
ಹೆಚ್ಚು ಹೊತ್ತು ನಿಲ್ಲದು ಚಿಗಟ,
ಒಲೆ ಆರಿದ ಬಾಡಿಗೆ ಮನೆಯಿಂದ
ಗಂಟುಮೂಟೆ ಕಟ್ಟುವ ಸಂಸಾರ.

ನನ್ನ ಅಜ್ಜಿಯ ಅಜ್ಜಿಗೆ ಅರ್ಧ ಗೊತ್ತಿತ್ತು:
ಇಲಿ ಬಿತ್ತು ಅಂದರೆ ಊರು ಬಿಡು,
ಬಯಲಲ್ಲಿ ಗುಡಿಸಲು ಹಾಕು.
ಚಿಗಟದ ಮಾತು ಬರಲಿಲ್ಲ ಆ ಕತೆಯಲ್ಲಿ,
ಹೊಣೆಯೆಲ್ಲ ಮಾರಿಯ ಮೇಲೇ ಹೋಯಿತು.

ಇಲ್ಲಿ ಇಲಿ ಬೀಳುವುದಿಲ್ಲ. ಅದೇ ತೊಡಕು.
ರಕ್ತದಲ್ಲಿ ಬ್ಯಾಕ್ಟೀರಿಯಾ ಹೊತ್ತೂ
ಚೆನ್ನಾಗಿ ತಿಂದು, ಮೀಸೆ ತೀಡಿ, ಮರಿ ಹಾಕಿ,
ರಸ್ತೆಯಾಚೆ ಕಾಲಿಡದೆ ಬಾಳುತ್ತದೆ
ಗಲ್ಲಿಗೊಂದು ಬಳಗ.
ಮಾರ್ಚಿನಲ್ಲಿ ನಗರಪಾಲಿಕೆ ಅರ್ಧವನ್ನು ಕೊಂದಿತು,
ವಿಷ ಇಟ್ಟವನು ಒಡೆಲ್.
ಉಳಿದರ್ಧ ದಿಕ್ಕೆಟ್ಟು ರಸ್ತೆ ದಾಟಿತು.
ಹೊಸ ಬಿಲ, ಹೊಸ ಜಗಳ,
ಹೊಸ ಮೈಗೆ ಹಳೆಯ ಚಿಗಟ.

"ಅಂದರೆ ನಾವೇ ಹಂಚಿದೆವಾ?"
ನಾನು ಅಂಕಿ ಬರೆಯುತ್ತಿದ್ದೆ. ಒಂಬತ್ತೋ ಹತ್ತೋ, ಲೆಕ್ಕ ತಪ್ಪಿತು.

ಇನ್ನೊಂದನ್ನೂ ಹೇಳಿಬಿಟ್ಟೆ:
ಕಡಿತದಿಂದಲ್ಲ ಬರುವುದು, ಒಡೆಲ್.
ಚಿಗಟ ಕಡಿದಲ್ಲೇ ಹಿಕ್ಕೆ ಹಾಕಿ ಹೋಗುತ್ತದೆ,
ಕರಿಮೆಣಸಿನ ಪುಡಿಯ ಒಂದು ಕಣ.
ಕೆರೆದು ಕೆರೆದು ಅದನ್ನು ಒಳಗೆ ಕರೆಯುವುದು
ನಮ್ಮದೇ ಉಗುರು.

ಕಾಲುಚೀಲದ ಅಂಚಿನ ಕೆಂಪು ಗುಳ್ಳೆಯತ್ತ
ಹೊರಟಿದ್ದ ಕೈ
ಗಾಳಿಯಲ್ಲೇ ನಿಂತಿತು.

ಆರನೆಯದು ಕಣ್ಣು ಬಿಡುತ್ತಿತ್ತು.
ಎದುರು ಸಾಲಿನ ಮುದುಕಿ ಬಕೆಟ್ಟು ಹಿಡಿದು
ಅಮೃತಶಿಲೆಯ ಮೆಟ್ಟಿಲು ತೊಳೆಯಲು ಬಂದಳು.
ಗುಡ್ ಮಾರ್ನಿಂಗ್ ಅಂದಳು,
ಒಂದು ಹಿಮ್ಮಡಿಯಿಂದ ಇನ್ನೊಂದು ಕಣಕಾಲನ್ನು
ಮೆಲ್ಲಗೆ, ಬಲು ಹಿತವಾಗಿ
ಉಜ್ಜಿಕೊಳ್ಳುತ್ತ.